ಆದಿಲಕ್ಷ್ಮಿ ಹೊಲಿದ ಬೆಳಕು

ಬೆಳುಗುಪ್ಪದ ಎರ್ರಪ್ಪ ಮದುವೆ ಮೆರವಣಿಗೆಗೆ ಗ್ಯಾಸ್‌ಲೈಟು ಹೊರುತ್ತಿದ್ದವನು. ಒಮ್ಮೆ ಗಂಡಿನ ಕಡೆಯವರು ಬೆಳಕು ಮಂಕೆಂದು ಹಂಗಿಸಿದರು. ಎರ್ರಪ್ಪ ದೀಪ ತಲೆ ಮೇಲಿಟ್ಟುಕೊಂಡು ಹಂಗೇ ತಿರುಗಿ ಮನೆಗೆ ನಡೆದ. ಮದುಮಗ ಕತ್ತಲಲ್ಲಿ ತಡವರಿಸುತ್ತ ಚಪ್ಪರ ಸೇರಿದ. ಎರ್ರಪ್ಪನ ಮಗಳು ಉಜ್ಜಿನಮ್ಮ ರಾಯದುರ್ಗಕ್ಕೆ ಸೊಸೆಯಾಗಿ ಬಂದವಳು. ಹೆಂಗಸರಿಗೆ ಹೊಲಿಗೆ ಮಷಿನ್ ಕೊಡೋದಿಲ್ಲ ಎಂದ ದರ್ಜಿ ಮೇಸ್ತ್ರಿಯ ಎದುರುಮನೆಯಲ್ಲೇ ಮಷಿನ್ ಹಾಕಿ, ಅವನ ಗಿರಾಕಿಗಳನ್ನೆಲ್ಲ ತನ್ನ ಜಗಲಿಗೆ ಎಳೆದಳು. ಆ ಉಜ್ಜಿನಮ್ಮನ ಮಗಳು ಆದಿಲಕ್ಷ್ಮಿ. ಇಪ್ಪತ್ತೆರಡು ವರ್ಷದಿಂದ ಜೀನ್ಸ್ ಹೊಲಿಯುತ್ತಾಳೆ. ಹಗೆ ಮರೆಯುವ ವಿದ್ಯೆ ಈ ಮನೆತನದಲ್ಲಿ ಯಾರಿಗೂ ಹತ್ತಲಿಲ್ಲ.

ಅವಳ ಮನೆಯೆದುರಿಗೇ ಮಾರೇಶನ ಟಿವಿ ಅಂಗಡಿ. ಅಲ್ಲೊಂದು ಟಿವಿಯ ಹಿಂದೆ ಬಣ್ಣದ ಬೆಳಕು: ಪರದೆಯಲ್ಲಿ ಹಸಿರು ಬಂದರೆ ಗೋಡೆಯೂ ಹಸಿರು, ಕೆಂಪು ಬಂದರೆ ಕೆಂಪು. ಹೊಸ ಟಿವಿ ಕೊಂಡಿದ್ದ ಆದಿಲಕ್ಷ್ಮಿ, ಇದನ್ನು ಮನೆಯಲ್ಲೇ ಹಚ್ಚಿಕೊಳ್ಳಲು ಬರುತ್ತದೆಯೇ ಎಂದು ಕೇಳಿದಳು. ಮಾರೇಶ ನಾಲ್ಕು ಗಿರಾಕಿಗಳ ಮುಂದೆ ನಕ್ಕ.

"ಇದು ಪ್ಯಾಂಟಿಗೆ ಗುಂಡಿ ಹಚ್ಚಿದಂಗಲ್ಲ, ಆದಿಲಕ್ಷ್ಮಕ್ಕ."

ಅವಳೂ ನಕ್ಕಳು. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು. ಅವನ ಅಂಗಡಿಗೆ ಬಂದವರು ಅವನಿಗೆ ಬೆನ್ನು ಮಾಡಿ ತನ್ನ ಬಾಗಿಲು ನೋಡಬೇಕು. ಅಲ್ಲಿಯತನಕ ಟಿವಿಯಲ್ಲಿ ಸೀರಿಯಲ್ ನೋಡುವುದೂ ಬೇಡ ಎಂದುಕೊಂಡಳು.

ಎಲ್ಇಡಿ ಪಟ್ಟಿದೀಪ, ಅಡಾಪ್ಟರು, ಪರದೆ ನೋಡಿ ಬಣ್ಣ ಹೇಳುವ ಪುಟ್ಟ ಕ್ಯಾಮೆರಾ ಪಾರ್ಸಲಿನಲ್ಲಿ ಬಂದವು. ತೆಲುಗು ವಿಡಿಯೋ ನೋಡಿ ಕಲಿತಳು. ಪಟ್ಟಿಯನ್ನು ಮೂಲೆಯಲ್ಲಿ ಮಡಚಬಾರದು, ಗುರುತಿದ್ದಲ್ಲಿ ಕತ್ತರಿಸಿ ವೈರಿನಿಂದ ಬೆಸೆಯಬೇಕು. ಆ ಬೆಸುಗೆ ಎರಡು ಬೆರಳು ಸುಟ್ಟ ಮೇಲೆ ಕೈಗೆ ಕೂತಿತು. ರಾಯದುರ್ಗದ ಬಿಸಿಲಿಗೆ ಪಟ್ಟಿಯ ಅಂಟು ನಿಲ್ಲುವುದಿಲ್ಲವೆಂದು, ಜೀನ್ಸಿನ ಸೊಂಟಪಟ್ಟಿ ತುಂಡುಗಳನ್ನು ಜೋಡಿಸಿ ಅದಕ್ಕೆ ದೀಪಗಳನ್ನು ಕೈಹೊಲಿಗೆಯಲ್ಲಿ ಕೂಡಿಸಿದಳು. ಟಿವಿಯನ್ನು ಮಂಚದ ಮೇಲೆ ಬೋರಲು ಮಲಗಿಸಿ, ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಎಡ, ಬಲ ಬರೆದು ಬಿಗಿದಳು.

ಶುಕ್ರವಾರ ಸಂಜೆ ಬಾಗಿಲು ಪೂರಾ ತೆರೆದಿಟ್ಟು ಟಿವಿ ಹಚ್ಚಿದಳು. ಬೀದಿ ನೆರೆಯಿತು. ಮಾರೇಶನ ಅಂಗಡಿಯಲ್ಲಿ ರಿಮೋಟು ಹಿಡಿದು ನಿಂತಿದ್ದ ಗಿರಾಕಿಯೂ ಅದನ್ನಲ್ಲೇ ಇಟ್ಟು ಇತ್ತ ಬಂದ. ಅಷ್ಟರಲ್ಲಿ ಸೀರೆಯ ಜಾಹೀರಾತು ಬಂತು. ಕೆಂಪು ಸೀರೆಯ ಹುಡುಗಿ ಎಡಗಡೆ ನಿಂತರೆ ಕೆಂಪು ಬೆಳಕು ಬಲಗಡೆ ಗೋಡೆಗೆ ಬಿತ್ತು. ಅವಳು ಬಲಕ್ಕೆ ನಡೆದಳು, ಬೆಳಕು ಎಡಕ್ಕೆ ಓಡಿತು. ಯಾರೋ ಕಿಸಕ್ಕೆಂದರು.

ಆದಿಲಕ್ಷ್ಮಿಗೆ ಆಗಲೇ ಹೊಳೆಯಿತು. ಹೊಲಿಯುವವರಿಗೆ ಬಟ್ಟೆಯ ಒಳಮಗ್ಗಲೇ ಕೆಲಸದ ಮಗ್ಗಲು; ಮುಗಿದ ಮೇಲೆ ಪ್ಯಾಂಟು ತಿರುವಿದರೆ ಎಡ ಬಲ ತಮ್ಮ ಜಾಗಕ್ಕೆ ಬರುತ್ತವೆ. ಟಿವಿಯನ್ನು ತಿರುವಲಾದೀತೇ? ಬೆನ್ನ ಕಡೆಯಿಂದ ನೋಡಿ ಬರೆದ ಎಡ, ಮುಂದಿನಿಂದ ನೋಡಿದರೆ ಬಲವಾಗಿತ್ತು.

ಮಾರೇಶ ರಸ್ತೆ ದಾಟಿ ಬಂದ. ಟಿವಿಯ ಹಿಂದೆ ಬಗ್ಗಿ ಹೊಲಿಗೆ ನೋಡಿದ. ಅವನ ಅಂಗಡಿಯ ಪಟ್ಟಿ ಬಿಸಿಲಿಗೆ ಎರಡು ಸಲ ಕಳಚಿ ಬಿದ್ದಿತ್ತು. ಈ ಸಲ ಅವನಿಗೆ ನಗು ಬರಲಿಲ್ಲ. ದೀಪದ ಆ್ಯಪಿನಿಂದ ಫೋನಿನಲ್ಲೇ ದಿಕ್ಕು ಬದಲಿಸಬಹುದು, ನಿಮಿಷದ ಕೆಲಸ, ಫೋನು ಕೊಡ್ರಿ ಇಲ್ಲಿ ಎಂದು ಕೈ ಚಾಚಿದ.

ಕೊಟ್ಟರೆ ನಾಳೆ ಊರೆಲ್ಲ ಅದು ಮಾರೇಶ ಹಚ್ಚಿದ ದೀಪ. ಆದಿಲಕ್ಷ್ಮಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಪ್ಲಗ್ಗು ಕಿತ್ತು, ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು. ಬೀದಿಗೆಲ್ಲ ಕಾಣುವಂತೆ ಹೊಸ್ತಿಲ ನಡುವೆ ಒಂದು ಸ್ಟೂಲು ಹಾಕಿದಳು.

"ಬ್ಯಾಡ್ರಿ, ಮಾರೇಶಣ್ಣ. ಹೊಲಿದ ಕೈಗೆ ಬಿಚ್ಚೋದೂ ಬರ್ತದ. ನೀವು ಇಲ್ಲೇ ಕುಂದರ್ರಿ, ಗುಂಡಿ ಹಚ್ಚೋರು ಹೆಂಗ ಹಚ್ಚತಾರ ಅಂತ ನೋಡ್ಕೊಂಡು ಹೋಗ್ರಿ."