ಬಿಸಿಯ ಗುಂಡಿಯನ್ನು ಮನೆಯವರ ಕೈಗೇ ಕೊಡುವ ಡೆರೆಕ್

ಹ್ಯಾಲಿಫ್ಯಾಕ್ಸಿನ ಏರುಬೀದಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸಾಲುಮನೆಯೊಂದರ ಅಡುಗೆಕೋಣೆಯಲ್ಲಿ ಡೆರೆಕ್ ಗ್ರೀನ್‌ವುಡ್ ಹಣೆಗೆ ದೀಪ ಕಟ್ಟಿಕೊಂಡು, ಮನೆಯನ್ನೆಲ್ಲ ಬಿಸಿಮಾಡುವ ಬಾಯ್ಲರ್ ಪಕ್ಕದ ಗೋಡೆಗೆ ಮುಖವಿಟ್ಟು ನಿಂತಿದ್ದಾರೆ. ಮೇನ್ ಸ್ವಿಚ್ ಆರಿಸಿಯಾಗಿದೆ. ಆದರೂ ಟೆಸ್ಟರ್ ತಾಗಿಸಿ ಎರಡು ಸಲ ನೋಡುತ್ತಾರೆ. ಆಮೇಲೆ ಹಳೆಯ ಟೈಮರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಒಳಗಿನ ಧೂಳು ಊದಿ, ಒಂದೊಂದು ತಂತಿಗೂ ಗುರುತಿನ ಪಟ್ಟಿ ಅಂಟಿಸುತ್ತಾರೆ.

"ಅದು ಚೆನ್ನಾಗೇ ಇತ್ತಲ್ಲೋ ಮಗಾ," ಎನ್ನುತ್ತಾರೆ ಮನೆಯೊಡತಿ ವಿನಿಫ್ರೆಡ್ ಸಟ್‌ಕ್ಲಿಫ್. ಎಂಬತ್ತು ದಾಟಿದವರು, ಒಂದರ ಮೇಲೊಂದು ಮೂರು ಸ್ವೆಟರ್ ತೊಟ್ಟಿದ್ದಾರೆ.

"ಚೆನ್ನಾಗಿಲ್ದೆ ಏನು ವಿನೀ? ನೀವು ಹಚ್ಚೋದೇ ಇಲ್ವಲ್ಲ, ಸವೆಯೋದಾದ್ರೂ ಹೇಗೆ?"

ಮಾತು ನಿಜ. ನವೆಂಬರ್ ಹುಟ್ಟುವ ಮೊದಲು ಈ ಸಾಲಿನಲ್ಲಿ ಯಾರೂ ಮನೆ ಬಿಸಿ ಮಾಡಿಕೊಳ್ಳುವುದಿಲ್ಲ; ಅದು ನೆರೆಹೊರೆಯ ಪಂತ. ಕದ್ದು ಹಚ್ಚುವಂತೆಯೂ ಇಲ್ಲ. ಬಾಯ್ಲರ್ ಉರಿದರೆ ಹಿಂಗೋಡೆಯ ಕೊಳವೆಯಿಂದ ಬಿಳಿಯ ಆವಿ ಏಳುತ್ತದೆ, ಯಾರು ಸೋತರೆಂದು ಹಿತ್ತಲಿಗೆಲ್ಲ ತಿಳಿಯುತ್ತದೆ. ಹೋದ ಅಕ್ಟೋಬರಿನಲ್ಲಿ ವಿನಿ ಸೋಲಲಿಲ್ಲ. ಶೀತ ಎದೆಗಿಳಿದು ಆಸ್ಪತ್ರೆ ಸೇರಿದರು.

ಅದಕ್ಕೇ ಮಗಳು ಲಿನ್ ಈ ಹೊಸ ಸ್ಮಾರ್ಟ್ ಥರ್ಮೋಸ್ಟಾಟ್, ಕೋಣೆಯ ಬಿಸಿ ಅಳೆದು ಬಾಯ್ಲರ್ ಹಚ್ಚಿ ಆರಿಸುವ ಗುಂಡಿ, ತರಿಸಿದ್ದು. ಅಮ್ಮನ ಜೊತೆಗೇ ಇರುವ ಲಿನ್ ಬೆಳಗ್ಗೆ ಬಸ್ ಓಡಿಸಲು ಹೊರಟರೆ ಮರಳುವುದು ಸಂಜೆಗೆ. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಡೆರೆಕ್ ಬಳಿ ಬಂದು ದನಿ ತಗ್ಗಿಸುತ್ತಾರೆ. "ಗೋಡೆ ಮೇಲಿನದಕ್ಕೆ ಬೀಗ ಹಾಕೋಕೆ ಬರತ್ತಂತಲ್ಲ, ಹಾಕ್ಬಿಡಿ. ನಾನು ಫೋನಲ್ಲೇ ಹಚ್ತೀನಿ. ಅಮ್ಮನ ಕೈಗೆ ಸಿಕ್ರೆ ಆರಿಸ್ತಾಳೆ."

"ಕೇಳಿಸ್ತು ಕಣೇ! ಬಸ್ಸೂ ಓಡಿಸ್ತಾಳಂತೆ, ಅಲ್ಲಿಂದ್ಲೇ ನನ್ನ ಬಾಯ್ಲರೂ ಓಡಿಸ್ತಾಳಂತೆ! ಇದು ನನ್ನ ಮನೆ."

"ಇನ್ನೊಂದ್ಸಲ ಆಸ್ಪತ್ರೆ ಬಾಗಿಲಲ್ಲಿ ಕೂರೋಕೆ ನನ್ ಕೈಲಾಗಲ್ಲಮ್ಮ." ಲಿನ್ ಚೀಲ ಹೆಗಲಿಗೇರಿಸುತ್ತಾರೆ. ಬಾಗಿಲು ಎಳೆದುಕೊಂಡು ಹೋಗುತ್ತಾರೆ.

ಡೆರೆಕ್ ಬೀಗ ಹಾಕುವುದಿಲ್ಲ. "ಬೀಗ ಹಾಕಿದ್ರೆ ಇವ್ರು ಮೇನ್ ಸ್ವಿಚ್ಚೇ ಆರಿಸ್ತಾರೆ. ಬೇರೆ ಮನೇಲಿ ನೋಡಿದೀನಿ," ಎಂದು, ಬರೆಯಲು ಜೊತೆಗೆ ಬಂದಿರುವ ನನ್ನತ್ತ ತಿರುಗಿ ನಗುತ್ತಾರೆ.

ಹದಿನಾರಕ್ಕೆ ಕಾರ್ಪೆಟ್ ಗಿರಣಿಯ ಬಾಯ್ಲರ್ ಮನೆ ಸೇರಿದವರು ಇವರು. ಗಿರಣಿ ಮುಚ್ಚಿದ ಮೇಲೆ ಮನೆಮನೆಯ ಕೆಲಸಕ್ಕೆ ಇಳಿದರು. ಈಗ ದಿನಕ್ಕೆ ಎರಡು ಮನೆ, ಚಳಿ ಏರಿದರೆ ನಾಲ್ಕು. ಈ ಊರಿನ ಕಲ್ಲುಗೋಡೆಗಳಿಗೆ ವರ್ಷಗಟ್ಟಲೆ ಡ್ರಿಲ್ ಒತ್ತಿ ಒತ್ತಿ ಬೆರಳುಗಳ ನರ ಕೆಟ್ಟಿದೆ. ಥಂಡಿ ತಾಗಿದರೆ ಬೆರಳು ಬಿಳುಚಿ ಮರಗಟ್ಟುತ್ತವೆ. ಹೆಂಡತಿಯ ಬಳಿಯೂ ಅದನ್ನು ಹೆಚ್ಚು ಆಡುವುದಿಲ್ಲ.

ಹೊಸ ಗುಂಡಿಯನ್ನು ಕೋಟು ನೇತುಹಾಕುವ ಗೂಟದ ಪಕ್ಕದಲ್ಲೇ ಇಡಬೇಕೆಂದು ವಿನಿಯ ಹಟ. "ಬೇಡ ವಿನೀ. ಕೋಟಿನ ಕೆಳಗೆ ಅದು ಬೆಚ್ಚಗೆ ಮಲಗತ್ತೆ, ಮನೆಯೆಲ್ಲ ಬೆಚ್ಚಗಿದೆ ಅಂದ್ಕೊಳತ್ತೆ." ಕೊನೆಗೆ ಕೂರುವ ಕೋಣೆಯ ಒಳಗೋಡೆ ನಿಗದಿಯಾಗುತ್ತದೆ. ಗುಂಡಿಯ ಮುಖದಲ್ಲಿ ಹದಿಮೂರು ಡಿಗ್ರಿ ಬೆಳಗುತ್ತದೆ. ಕೊನೆಯ ತಿರುಪು ಡೆರೆಕ್ ಕೈಯಿಂದ ಜಾರಿ ಬೀಳುತ್ತದೆ. ಎತ್ತಿದರೆ ಮತ್ತೆ ಜಾರುತ್ತದೆ.

"ಕೈ ತೋರ್ಸು." ವಿನಿ ಡೆರೆಕ್ ಕೈ ಹಿಡಿದು ನೋಡುತ್ತಾರೆ. "ಇದೇನೋ, ಬೆರಳೆಲ್ಲ ಮೇಣದಬತ್ತಿ ಆಗಿದೆ!"

"ಡ್ರಿಲ್ಲಿನ ಕೊಡುಗೆ. ಬೆಚ್ಚಗಾದ್ರೆ ಸರಿಹೋಗತ್ತೆ."

ವಿನಿ ಕಿಟಕಿಯತ್ತ ಒಮ್ಮೆ ನೋಡುತ್ತಾರೆ, ಗೋಡೆಯತ್ತ ಒಮ್ಮೆ. "ಯಾವ ಕಡೆಗೋ ತಿರುಗಿಸೋದು?"

"ಬಲಕ್ಕೆ."

ತಾವೇ ತಿರುಗಿಸುತ್ತಾರೆ, ಹತ್ತೊಂಬತ್ತರವರೆಗೆ. ಅಡುಗೆಕೋಣೆಯಲ್ಲಿ ಬಾಯ್ಲರ್ ಗುರ್ ಎನ್ನುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಹಿತ್ತಲ ಗೋಡೆಯಾಚೆಯಿಂದ ನೆರೆಯ ಡೋರೀನ್ ಕೂಗು: "ವಿನೀ! ಇನ್ನೂ ಅಕ್ಟೋಬರ್ ಕಣೇ!"

"ಮನೇಗೆ ಜನ ಬಂದಿದಾರೆ ಕಣೇ! ಅವನ ಬೆರಳು ಉದುರೋದು ನೋಡ್ತಾ ಕೂರ್ಲಾ?"

ತಮಗಾಗಿ ಹಚ್ಚುವುದು ಸೋಲು, ಬಂದವರಿಗಾಗಿ ಹಚ್ಚುವುದು ಮರ್ಯಾದೆ. ಡೋರೀನ್ ಬಾಗಿಲು ಹಾಕಿಕೊಳ್ಳುವ ಸದ್ದು.

ಡೆರೆಕ್ ಸಲಕರಣೆ ಕಟ್ಟುತ್ತಾರೆ. "ನಾನು ಹೋದ ಮೇಲೆ ಆರಿಸ್ತೀರಾ?"

"ಮತ್ತೆ? ಖಾಲಿ ಕುರ್ಚಿಗಳನ್ನ ಕಾಯಿಸ್ಲಾ?"

"ಈವತ್ತಿನ ಇನ್ನೊಂದು ಮನೆ ಇಲ್ಲೇ, ಮೂಲೆ ತಿರುಗಿದ್ರೆ. ಮಧ್ಯಾಹ್ನ ಚಹಾಕ್ಕೆ ಬರ್ತೀನಿ. ಬೆರಳು ಕಾಯಿಸ್ಕೊಳ್ಳೋಕೆ ಒಂದು ಜಾಗ ಬೇಕಲ್ಲ?"

ವಿನಿ ಡೆರೆಕ್ ಮುಖವನ್ನು ದಿಟ್ಟಿಸುತ್ತಾರೆ. "ಕಿಲಾಡಿ ನೀನು," ಎನ್ನುತ್ತಾರೆ.

ಮಧ್ಯಾಹ್ನ ಹೋದರೆ ಗುಂಡಿ ಹತ್ತೊಂಬತ್ತರಲ್ಲೇ ಇದೆ. ಎರಡು ಸ್ವೆಟರ್ ಕುರ್ಚಿಯ ಬೆನ್ನಿನ ಮೇಲಿವೆ. ವಿನಿ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಉಸಿರಿನಲ್ಲಿ ಗೊರಗೊರ ಇಲ್ಲ. ಡೆರೆಕ್ ಸದ್ದಾಗದಂತೆ ಕೆಟಲ್ ಇಡುತ್ತಾರೆ. ಅಷ್ಟರಲ್ಲಿ ಬಸ್ ನಿಲ್ದಾಣದಿಂದ ಲಿನ್ ಫೋನು.

"ಹತ್ತೊಂಬತ್ತು ತೋರಿಸ್ತಿದೆ! ಬೀಗ ಹಾಕಿದ್ರಾ?"

"ಇಲ್ಲಮ್ಮ. ಅಮ್ಮನೇ ಇಟ್ಟಿದ್ದು."

"ಅಮ್ಮನೇನಾ?" ಲಿನ್ ನಗುತ್ತಾರೆ. ಆಮೇಲೆ, "ನಾಳೆಗೆ?"

"ನಾಳೆನೂ ಚಹಾಕ್ಕೆ ಬರ್ತೀನಿ ಅಂತ ಅಮ್ಮನಿಗೆ ಹೇಳಿಡಿ."

ಏನಾಗಬೇಕೆಂದು ಆಸೆ ನಿಮಗೆ ಎಂದು ನಾನು ಕೇಳಿದರೆ ಡೆರೆಕ್ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸುತ್ತಾರೆ. ಬೆರಳುಗಳಿಗೆ ಬಣ್ಣ ಮರಳಿದೆ.

"ಈ ಸಾಲಲ್ಲಿ ಇನ್ನೂ ಐದಾರು ಮನೆ ತಣ್ಣಗಿವೆ. ನವೆಂಬರ್ ಬರೋದ್ರೊಳಗೆ ಅಲ್ಲೆಲ್ಲ ಒಂದೊಂದು ಕಪ್ ಕುಡೀಬೇಕು ನಾನು."