ದೇವಕಿಯಕ್ಕ ಕೂಗಿದರೆ ಓಗೊಡಬೇಕು

೧೯೯೭ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಅವರು ತೀರಿಕೊಂಡ ಮೇಲೆ ಅವ್ವ, ನಾನು, ನನ್ನ ತಮ್ಮ ಗಿರೀಶ ಮೂವರೂ ಬಿಟ್ಟಂಗಾಲದ ಹತ್ತಿರದ ಒಂದು ಕಾಫಿ ತೋಟದ ಕೂಲಿಯವರ ಲೈನ್ ಮನೆಗೆ ಬಂದೆವು. ಓದು ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಅಂದಿನಿಂದ ಇಂದಿನವರೆಗೆ ದುಡಿದು ಉಂಡಿದ್ದೇನೆ, ಯಾರ ಎದುರೂ ಕೈಚಾಚಿಲ್ಲ. ಆದರೆ ಆ ವರ್ಷವೆಂದರೆ ನನಗೆ ಮೊದಲು ನೆನಪಾಗುವುದು ಶಾಲೆಯಲ್ಲ, ಒಬ್ಬ ಹೆಂಗಸಿನ ಗಂಟಲು.

ಫೆಬ್ರವರಿ ಬಂತೆಂದರೆ ನಮ್ಮ ಕಡೆ ಕರಿಮೆಣಸು ಕುಯ್ಯುವ ಕಾಲ. ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರಗಳಿಗೆ ಬಳ್ಳಿ ಹಬ್ಬಿರುತ್ತದೆ. ಏಣಿಯೆಂದರೆ ಒಂದೇ ಒಂದು ಬಿದಿರು. ಗೆಣ್ಣಿನ ಹತ್ತಿರ ಉಳಿಸಿದ ಮೋಟುಗಳ ಮೇಲೆ ಕಾಲಿಟ್ಟು ಹತ್ತಬೇಕು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೋದವನು ಎಲೆಗಳೊಳಗೆ ಸೇರಿಕೊಂಡರೆ ಕೆಳಗಿನವರಿಗೆ ಕಾಣುವುದಿಲ್ಲ. ಕೆಳಗೆ ಉದುರಿದ ಗೊಂಚಲು ಆರಿಸುವ ಹೆಂಗಸರಲ್ಲಿ ದೇವಕಿಯಕ್ಕ ಒಬ್ಬಳು. ಕುಳ್ಳಗಿನ ಆಳು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲು. ಆರಿಸುವ ಕೈ ನಿಲ್ಲಿಸದೆ, ತಲೆ ಎತ್ತದೆ, ಸ್ವಲ್ಪ ಹೊತ್ತಿಗೊಮ್ಮೆ ಒಬ್ಬೊಬ್ಬನ ಹೆಸರು ಹಿಡಿದು ಕೂಗುತ್ತಿದ್ದಳು. ಹೆಸರಿನವನು ಮರದ ಮೇಲಿಂದ "ಓಯ್" ಅನ್ನಬೇಕು. ಆಮೇಲೆ ಮುಂದಿನ ಹೆಸರು. ಇದು ತೋಟದ ಲೆಕ್ಕ, ಆಳುಕಾಳು ನೋಡಿಕೊಳ್ಳುವ ರೈಟರ್ ಹೇಳಿ ಮಾಡಿಸಿದ ಕೆಲಸವಲ್ಲ, ಅವಳೇ ಮೈಮೇಲೆ ಹಾಕಿಕೊಂಡದ್ದು.

"ಕೂಗಿದರೆ ಓ ಅನ್ನಬೇಕು ಮೋನೇ. ಅನ್ನಲಿಲ್ಲ ಅಂದರೆ ನಾನು ಮರ ಹತ್ತಿ ಬರ್ತೇನೆ. ನನ್ನ ಸೀರೆ ಹರಿದರೆ ನಿನ್ನ ಅವ್ವ ಹೊಸತು ತೆಗೆದುಕೊಡಬೇಕಾಗ್ತದೆ" ಎಂದು ನನಗೆ ಮೊದಲ ದಿನವೇ ಹೇಳಿದ್ದಳು. ಅವಳ ಊರು ಘಟ್ಟದ ಕೆಳಗೆ, ಇರಿಟ್ಟಿ ಕಡೆ. ಮಲಯಾಳದ 'ಮೋನೇ' ಅವಳ ಕನ್ನಡದೊಳಗೆ ಕೊನೆಯವರೆಗೂ ಹಾಗೇ ಉಳಿಯಿತು. ತನಗಿಂತ ಹಿರಿಯ ಗಂಡಸರನ್ನೂ ಒಮ್ಮೊಮ್ಮೆ 'ಮಗನೇ' ಎಂದು ಕರೆದುಬಿಡುತ್ತಿದ್ದಳು.

ಈಚಿನ ವರ್ಷಗಳಲ್ಲಿ ಸಾಹುಕಾರರ ಬಂಗಲೆ ಹೋಂಸ್ಟೇ ಆಯಿತು. ಒಂದು ಬೆಳಿಗ್ಗೆ ರೈಟರ್ ಬಂದು, "ದೇವಕೀ, ಗೆಸ್ಟುಗಳು ಕಂಪ್ಲೇಂಟ್ ಮಾಡ್ತಾರೆ. ನಿನ್ನ ಕೂಗಿಗೆ ನಿದ್ದೆ ಕೆಡ್ತದಂತೆ" ಎಂದರು.

"ಒಬ್ಬ ಮೇಲಿಂದ ಬಿದ್ದರೆ ಅವನು ಇದಕ್ಕಿಂತ ಜೋರು ಕೂಗ್ತಾನೆ ರೈಟರೇ. ಯಾವುದು ಬೇಕು ಅಂತ ಕೇಳಿಕೊಂಡು ಬನ್ನಿ."

ರೈಟರ್ ಮತ್ತೆ ಕೇಳಲಿಲ್ಲ.

ಆ ಹೊತ್ತಿಗೆ ನಾನು ಮೇಸ್ತ್ರಿಯಾಗಿದ್ದೆ. ನನ್ನದೇ ಒಂದು ಗುಂಪು, ನನ್ನದೇ ಏಣಿಗಳು. ಅವ್ವ ತೀರಿಕೊಂಡಿದ್ದಳು. ಮದುವೆಯಾಗಿತ್ತು, ಗಿರಿ ನಮ್ಮ ಜೊತೆಯೇ ಇದ್ದ. ಮರ ಹತ್ತುವುದರಲ್ಲಿ ಅವನು ನನಗಿಂತ ಚುರುಕು. ಅಂಥವನು ೨೦೧೮ರ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಂಕಾದ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ, ಆಮೇಲೆ ಸ್ನಾನ. ಲೈನಿನ ಮೆಟ್ಟಿಲ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತರೆ ಕೂತ. "ಏನಾಯ್ತೋ" ಅಂದರೆ "ಏನಿಲ್ಲ ಕಣಣ್ಣ" ಅನ್ನುತ್ತಿದ್ದ. ಒಂದು ಸಲ ಮಾತ್ರ, "ನಾನಿದ್ದು ಏನಾಗಬೇಕು ಹೇಳು" ಎಂದ. ಕಾರಣ ಹುಡುಕಿ ಹುಡುಕಿ ಸಾಕಾದೆ. ಹುಡುಗಿಯ ವಿಚಾರವಿಲ್ಲ, ಕುಡಿತವಿಲ್ಲ, ಯಾರ ಜೊತೆಗೂ ಜಗಳವಿಲ್ಲ.

ರೈಟರ್ ಕೇಳಿದರೆ ಜ್ವರ ಎಂದೆ. ಲೈನಿನವರು ಕೇಳಿದರೆ ಹೊಟ್ಟೆನೋವು ಎಂದೆ. ಕೆಲಸದ ನಡುವೆ ಇದ್ದಕ್ಕಿದ್ದಂತೆ ಕೈಯಲ್ಲಿದ್ದದ್ದು ಬಿಟ್ಟು, ನೀರು ಕುಡಿಯುವ ನೆಪದಲ್ಲಿ ಮನೆಗೆ ಹೋಗಿ, ಅವನ ಬೆನ್ನು ನೋಡಿ ಬರುತ್ತಿದ್ದೆ. ಬೆನ್ನು ಕಂಡರೆ ಸಾಕು, ಮತ್ತೆ ಸ್ವಲ್ಪ ಹೊತ್ತು ಕೆಲಸ ಸಾಗುತ್ತಿತ್ತು.

ದೇವಕಿಯಕ್ಕನಿಗೆ ಜ್ವರದ ಕಥೆ ನಡೆಯಲಿಲ್ಲ. ಕುಯ್ಲು ಹತ್ತಿರವಾದಾಗ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, ತೋಟದಲ್ಲಿ ಕೂಗುವ ಗಂಟಲಲ್ಲೇ, "ಗಿರೀ, ಸಾಯಬೇಕು ಅಂತ ಅನಿಸ್ತದಾ ನಿನಗೆ?" ಎಂದು ಕೇಳಿಬಿಟ್ಟಳು.

ನನ್ನ ಹೆಂಡತಿ ಸವಿತಾಳ ಕೈಯಿಂದ ಸೌಟು ಬಿತ್ತು. ನಾನು ದೇವಕಿಯಕ್ಕನನ್ನು ಪಕ್ಕಕ್ಕೆ ಎಳೆದೆ. "ಏನಕ್ಕ ನೀನು, ಇಲ್ಲದ್ದನ್ನ ತಲೆಗೆ ತುಂಬ್ತೀಯಾ? ನಮ್ಮನೇಲಿ ಹುಚ್ಚರು ಯಾರೂ ಇಲ್ಲ."

"ಹುಚ್ಚು ಅಂತ ನಾನು ಎಲ್ಲಿ ಹೇಳಿದೆ? ನೀನು ಹೇಳಿದ್ದು. ನಾನು ಕೇಳದಿದ್ದರೆ ಅವನಿಗೆ ಆ ಯೋಚನೆ ಬರೋದಿಲ್ಲ ಅಂತ ಮಾಡಿದ್ದೀಯಾ ಲೋಕೇಶಾ? ಯೋಚನೆ ಬಂದು ಆಗಿದೆ. ಈಗ ಅದು ಅವನೊಬ್ಬನ ಹತ್ತಿರ ಉಂಟು. ಅಷ್ಟೇ ವ್ಯತ್ಯಾಸ."

ಮನೆಯಲ್ಲಿ ಏನೇನು ಇರಬಾರದೆಂದು ಅವಳಿಗೆ ಅನಿಸಿತೋ ಅದನ್ನೆಲ್ಲ ಒಂದು ಬುಟ್ಟಿಗೆ ತುಂಬಿ ತೋಟದ ಸ್ಟೋರಿಗೆ ಕೊಟ್ಟು ಬಂದಳು. ನನ್ನನ್ನು ಕೇಳಲಿಲ್ಲ. "ಅವನನ್ನು ಕೆಲಸಕ್ಕೆ ಕರಕೊಂಡು ಬಾ. ಮರ ಹತ್ತಿಸಬೇಡ. ನೆಲದ ಮೇಲೆ ನಿಂತು ಕೈಗೆ ಸಿಕ್ಕಿದ್ದು ಕುಯ್ಯಲಿ. ನಾನು ಇದ್ದೇನೆ" ಎಂದಳು.

ಹಾಗೇ ಮಾಡಿದೆವು. ಕುಯ್ಲು ಶುರುವಾದಾಗ ಗಿರಿ ಎಲ್ಲರಿಂದ ಸ್ವಲ್ಪ ಆಚೆ, ಕೆಳಗಿನ ಬಳ್ಳಿಗಳ ಹತ್ತಿರ ನಿಲ್ಲುತ್ತಿದ್ದ. ಅವನು ನೆಲದ ಮೇಲಿದ್ದರೂ ದೇವಕಿಯಕ್ಕ ಮರದ ಮೇಲಿರುವವನನ್ನು ಕೂಗಿದ ಹಾಗೆಯೇ ಅವನನ್ನೂ ಕೂಗುತ್ತಿದ್ದಳು. ಅವನು ಸಣ್ಣ ದನಿಯಲ್ಲಿ "ಓಯ್" ಅನ್ನುತ್ತಿದ್ದ. ನಾನು ಮರದ ಮೇಲೆ ಕೈ ನಿಲ್ಲಿಸಿ ಆ "ಓಯ್"ಗೆ ಕಾಯುತ್ತಿದ್ದೆ. ಅದು ಕೇಳಿದ ಮೇಲೆಯೇ ಕೈ ಮತ್ತೆ ಬಳ್ಳಿಗೆ ಹೋಗುತ್ತಿತ್ತು.

ನಮ್ಮ ಗುಂಪಿನಲ್ಲಿ ಒಂದು ಅಭ್ಯಾಸವಿತ್ತು. ಯಾರಾದರೂ ಬೀಡಿಗೆಂದು ಮರೆಗೆ ಹೋದರೆ ಪಕ್ಕದವನು ಅವನ ಪರವಾಗಿ "ಓಯ್" ಎಂದುಬಿಡುವುದು. ರೈಟರ್ ಹತ್ತಿರದಲ್ಲಿದ್ದರೆ ಬೈಗುಳ ತಪ್ಪಲಿ ಎಂದು. ಇದರಲ್ಲಿ ಯಾರಿಗೂ ಕೆಟ್ಟ ಬುದ್ಧಿಯಿರಲಿಲ್ಲ. ಒಬ್ಬರನ್ನೊಬ್ಬರು ಕಾಯುವುದೆಂದರೆ ನಮಗೆ ಹೀಗೇ ಗೊತ್ತಿದ್ದದ್ದು. ಒಂದು ದಿನ ದೇವಕಿಯಕ್ಕ "ಗಿರೀ" ಎಂದಳು. "ಓಯ್" ಬಂತು. ಇನ್ನೊಂದು ಸುತ್ತು ಕೂಗಿದಾಗಲೂ ಬಂತು. ನಾನು ನೆಮ್ಮದಿಯಾಗಿ ಚೀಲ ತುಂಬಿಸಿದೆ.

ಚಾ ಕುಡಿಯಲು ಎಲ್ಲರೂ ಸೇರಿದಾಗ ಗಿರಿಯ ಲೋಟ ಹಾಗೇ ಉಳಿಯಿತು. ದೇವಕಿಯಕ್ಕ ಲೋಟ ನೋಡಿದಳು, ನಮ್ಮ ಮುಖಗಳನ್ನು ನೋಡಿದಳು. "ಓ ಅಂದದ್ದು ಯಾರು?" ಎಂದಳು.

ನಮ್ಮ ಗುಂಪಿನ ಮಂಜ ತಲೆ ತಗ್ಗಿಸಿದ. "ಬೀಡಿ ಸೇದಕ್ಕೆ ಹೋಗಿದ್ದಾನೆ ಅಂದ್ಕೊಂಡೆ ಅಕ್ಕ. ಹುಷಾರಿಲ್ಲದವನು, ಬೈಸ್ಕೊಳ್ಳೋದು ಬೇಡ ಅಂತ..."

ಎಲ್ಲರೂ ಒಂದೊಂದು ದಿಕ್ಕಿಗೆ ಓಡಿದರು. ನಾನು ಓಡಿದ್ದು ದೇವಕಿಯಕ್ಕನ ಹಿಂದೆ. ಕಾಫಿ ಗಿಡಗಳ ಸಂದಿಯಲ್ಲಿ ಬಗ್ಗಿಕೊಂಡು ಅವಳು ನೆಟ್ಟಗೆ ಕೆರೆಯ ದಾರಿ ಹಿಡಿದಿದ್ದಳು. ಕಾಫಿಗೆ ನೀರು ಹಾಯಿಸುವ ತೋಟದ ಕೆರೆ ಅದು. ಆ ಇಳಿಜಾರಿನಲ್ಲಿ ನಾನು ಏನೇನು ಹರಸಿಕೊಂಡೆನೋ ಈಗ ನೆನಪಿಲ್ಲ.

ಗಿರಿ ಪಂಪ್ ಶೆಡ್ಡಿನ ಹಿಂದೆ, ಏರಿಯ ಮೇಲೆ ಕೂತಿದ್ದ. ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು. ನಾನು ಕೂಗಬೇಕೆಂದು ಬಾಯಿ ತೆರೆದರೆ ಅವಳು ಹಿಂದೆ ತಿರುಗದೆಯೇ ಕೈ ಅಡ್ಡ ಹಿಡಿದಳು. ಆಮೇಲೆ, ದಾರಿಯಲ್ಲಿ ಹೋಗುತ್ತಿದ್ದವಳಂತೆ ನಿಧಾನ ನಡೆದು ಅವನ ಪಕ್ಕ ಕೂತಳು.

"ಅಮ್ಮಮ್ಮ, ಕಾಲು ನೋವು. ಸ್ವಲ್ಪ ಕೂರ್ತೇನೆ."

ಅವಳು ಎಲೆಯಡಿಕೆ ಚೀಲ ಬಿಚ್ಚಿದಳು, ಅಡಿಕೆ ಆರಿಸಿದಳು, ಸುಣ್ಣ ಸವರಿದಳು. ನಾನು ಶೆಡ್ಡಿನ ಗೋಡೆ ಹಿಡಿದುಕೊಂಡು ನಿಂತಿದ್ದೆ.

"ಸಾಯಲಿಕ್ಕೆ ಬಂದದ್ದಾ ಮೋನೇ?"

"ಗೊತ್ತಿಲ್ಲ ಅಕ್ಕ." ಒದ್ದೆ ಪ್ಯಾಂಟಿನ ಅಂಚು ಹಿಂಡುತ್ತ, "ಹೌದು ಅನ್ಸುತ್ತೆ" ಎಂದ.

"ಇವತ್ತು ಬೇಡ. ಇವತ್ತು ಬಂಗುಡೆ ತಂದಿದ್ದೇನೆ, ಸಾರು ಮಾಡಿ ಆಗಿದೆ. ನೀನು ಬಾರದಿದ್ದರೆ ನಿನ್ನ ಅಣ್ಣ ತಿಂತಾನೆ. ಅವನಿಗೆ ಮೀನಿನ ಬೆಲೆ ಗೊತ್ತಿಲ್ಲ, ತಲೆ ಎಸೀತಾನೆ."

ಗಿರಿ ಅತ್ತ. ತಿಂಗಳುಗಳಿಂದ ಕಲ್ಲಿನಂತಿದ್ದವನು ಬಾಯಿ ತೆರೆದು ಅತ್ತ. ಅವಳು ಸುಮ್ಮನಿರು ಅನ್ನಲಿಲ್ಲ, ಎಲ್ಲ ಸರಿಹೋಗ್ತದೆ ಅಂತಲೂ ಅನ್ನಲಿಲ್ಲ. ಎಲೆಯಡಿಕೆ ಜಗಿಯುತ್ತ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅತ್ತು ಮುಗಿದ ಮೇಲೆ, "ನಾಳೆ ಆಸ್ಪತ್ರೆಗೆ ಹೋಗುವ. ಮನಸ್ಸಿನ ಡಾಕ್ಟ್ರು ಬರುವ ದಿನ ಉಂಟು. ನಾನೂ ಬರ್ತೇನೆ, ನನ್ನ ಕಾಲು ತೋರಿಸಬೇಕು" ಎಂದಳು.

ಮಂಜ ಅಂದು ಊಟ ಮುಟ್ಟಲಿಲ್ಲ. ದೇವಕಿಯಕ್ಕ ಅವನಿಗೂ ಮೀನು ಬಡಿಸಿದಳು. "ನೀನು ಕೆಟ್ಟದ್ದು ಮಾಡಲಿಲ್ಲ. ಆದರೆ ಅವನ ಓ ನೀನು ಹೇಳಬಾರದು. ಯಾರದ್ದೂ ಯಾರೂ ಹೇಳಬಾರದು. ತಿನ್ನು ಈಗ."

ಮರುದಿನ ಪೇಟೆಗೆ ಹೋಗುವ ಬಸ್ಸಿನಲ್ಲಿ ಗಿರಿ ಕಿಟಕಿ ಪಕ್ಕ, ನಡುವೆ ಅವಳು, ಈಚೆ ನಾನು. ಗೊತ್ತಿದ್ದವರು ಯಾರಾದರೂ ಹತ್ತಿದರೆ ನನ್ನ ಮುಖ ಬಿಸಿಯಾಗುತ್ತಿತ್ತು. ಅವಳು ಮಾತ್ರ ಬಸ್ಸಿಗೆಲ್ಲ ಕೇಳುವ ಹಾಗೆ ತನ್ನ ಕಾಲುನೋವಿನ ವರದಿ ಒಪ್ಪಿಸುತ್ತಿದ್ದಳು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಅವಸರ ಮಾಡದೆ ಕೇಳಿದರು. ಇದು ಕಾಯಿಲೆ, ಸೋಮಾರಿತನವಲ್ಲ, ಮಾತ್ರೆ ಇದೆ, ಸಮಯ ಹಿಡಿಯುತ್ತದೆ ಎಂದರು. ಜೊತೆಗೆ ಬಂದವರು ಯಾರು ಎಂದಾಗ ದೇವಕಿಯಕ್ಕ, "ನಾನು ಪೇಷಂಟು, ಕಾಲು" ಎಂದಳು. ಗಿರಿಯ ತುಟಿಯ ತುದಿ ಅಲುಗಿದ್ದು ನಾನು ನೋಡಿದೆ.

ಹಿಂದೆ ಬರುವಾಗ ಕೇಳಿದೆ, "ನಿಮ್ಮನೇಲೂ ಯಾರಿಗಾದ್ರೂ ಹಿಂಗಾಗಿತ್ತಾ ಅಕ್ಕ?"

"ನಮ್ಮಲ್ಲಿ ಯಾರಾದರೂ ಸತ್ತಿದ್ದರೆ ಮಾತ್ರ ಗಿರಿಯ ಹತ್ತಿರ ಕೇಳಬೇಕಾ ಮೋನೇ?" ಎಂದಳು. ಅಷ್ಟೇ. ಅದಾದ ಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಅಲ್ಲಿಂದ ಅವಳ ಕೂಗು ಬದಲಾಯಿತು. "ಓಯ್" ಯಾರು ಬೇಕಾದರೂ ಅನ್ನಬಹುದು. ಅದಕ್ಕೆ ಅವಳು ಪ್ರಶ್ನೆ ಕೇಳತೊಡಗಿದಳು. "ಲೋಕೇಶಾ, ಬೆಳಿಗ್ಗೆ ಎಂತ ತಿಂದೆ?" "ಅಕ್ಕಿ ರೊಟ್ಟಿ." "ಮಂಜಾ?" "ನಿನ್ನೆಯ ಅನ್ನ." "ಎಂತಕ್ಕೆ?" "ಹೆಂಡ್ತಿ ಕೋಪದಲ್ಲಿದ್ದಾಳೆ ಅಕ್ಕ." ಗುಡ್ಡದ ಈ ತುದಿಯಿಂದ ಆ ತುದಿಗೆ ನಮ್ಮೆಲ್ಲರ ಮನೆಯ ಅಡುಗೆ, ಜಗಳ, ಮಕ್ಕಳ ಕೆಮ್ಮು ಬಯಲಾಗತೊಡಗಿತು. ಗಿರಿ ಮೊದಮೊದಲು ಒಂದು ಪದ ಹೇಳುತ್ತಿದ್ದ. ಆಮೇಲೆ ಎರಡು. ಒಂದು ದಿನ, "ಕಡುಬು, ಆದ್ರೆ ಅತ್ತಿಗೆ ಉಪ್ಪು ಹಾಕಿರಲಿಲ್ಲ" ಎಂದ. ಮರದ ಮೇಲೆ ನಾನು ಕಣ್ಣೊರೆಸಿಕೊಂಡೆ. ಸವಿತಾ ಮಾತ್ರ ವಾರವಿಡೀ ಅವನ ಮೇಲೆ ಸಿಡುಕಿದಳು.

ನೆಟ್ಟಗೆ ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ತಾನಾಗಿಯೇ ಬಿಟ್ಟು ಮತ್ತೆ ಗೋಡೆ ಕಡೆ ತಿರುಗಿದ ಒಂದು ಮಳೆಗಾಲವೂ ಇತ್ತು. ಆಗ ಮತ್ತೆ ಬಸ್ಸು, ಮತ್ತೆ ಅವಳ ಕಾಲುನೋವು. ಈಗ ನಡುವೆ ಕೂರುತ್ತಿದ್ದವಳ ಜೊತೆ ಲೈನಿನ ಬೇರೆ ಹೆಂಗಸರೂ ಸರದಿಯಲ್ಲಿ ಬರುತ್ತಿದ್ದರು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನಾನೂ ಯಾರಿಗೂ ಜ್ವರ ಎನ್ನುತ್ತಿರಲಿಲ್ಲ.

ಅವಳ ಕಿವಿ ಮಂದವಾಗತೊಡಗಿದ್ದನ್ನು ಮೊದಲು ಗುರುತಿಸಿದ್ದು ಗಿರಿಯೇ. ಕೂಗಿ, ಉತ್ತರ ಬಂದ ಮೇಲೂ ಅವಳು ಕಾಯುತ್ತಿದ್ದಳು. ಒಂದು ಕುಯ್ಲಿನ ನಡುವೆ ಅವಳೇ ರೈಟರ್ ಹತ್ತಿರ ಹೋಗಿ, "ಕೂಗಲಿಕ್ಕೆ ಬರ್ತದೆ, ಕೇಳಲಿಕ್ಕೆ ಆಗೋದಿಲ್ಲ. ಹೀಗೆ ಇದ್ದರೆ ಯಾರನ್ನೋ ಬೀಳಿಸ್ತೇನೆ" ಎಂದು ಹೇಳಿ ಕೆಲಸ ಬಿಟ್ಟಳು. ಇರಿಟ್ಟಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋಗುವುದೆಂದಾಯಿತು.

ವಿರಾಜಪೇಟೆ ಬಸ್‌ಸ್ಟ್ಯಾಂಡಿಗೆ ನಾನು, ಗಿರಿ ಬಿಡಲು ಹೋದೆವು. ಮಗಳ ಪಕ್ಕ ಕೂತು, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅದೇ ಗಂಟಲಲ್ಲಿ, "ಮಾತ್ರೆ ತಗೊಂಡಿಯಾ?" ಎಂದಳು. ಗಿರಿ ಜೇಬಿನಿಂದ ಮಾತ್ರೆಯ ಶೀಟು ತೆಗೆದು, ಅದರಲ್ಲಿ ಖಾಲಿಯಾದ ಗುಳಿಯನ್ನು ಬೆರಳಿಟ್ಟು ತೋರಿಸಿದ.

"ತೋರಿಸಬೇಡ. ಬಾಯಲ್ಲಿ ಹೇಳು."

"ನಿನಗೆ ಕೇಳಿಸೋದಿಲ್ವಲ್ಲ ಅಕ್ಕ."

ಅವನ ಬಾಯನ್ನೇ ನೋಡುತ್ತಿದ್ದವಳಿಗೆ ಅದು ಅರ್ಥವಾಯಿತು. "ನನಗೆ ಕೇಳಲಿಕ್ಕೆ ಅಂತ ಯಾರು ಹೇಳಿದ್ದು?" ಎಂದಳು.

"ತಗೊಂಡೆ" ಎಂದ ಗಿರಿ, ಬಸ್‌ಸ್ಟ್ಯಾಂಡಿನವರೆಲ್ಲ ತಿರುಗಿ ನೋಡುವ ಹಾಗೆ. ಬಸ್ಸು ಮಾಕುಟ್ಟ ಘಟ್ಟದ ಕಡೆ ಹೊರಟಿತು.

ಕಳೆದ ವರ್ಷ ಇರಿಟ್ಟಿಯಿಂದ ಮಗಳ ಫೋನು ಬಂತು, ದೇವಕಿಯಕ್ಕ ಇನ್ನಿಲ್ಲ ಎಂದು. ಗಿರಿಗೆ ಹೇಳುವುದು ಹೇಗೆಂದು ತಿಳಿಯದೆ, ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಕೇಳಿ ಅವನು ಅಲ್ಲೇ ಕೂತುಕೊಂಡ. ಆಮೇಲೆ ನನ್ನ ಮುಖ ನೋಡಿ, "ಹೆದರಬೇಡ ಅಣ್ಣ. ಬೇಜಾರಾಗಿದೆ, ಅಷ್ಟೇ. ಬೇರೆ ಏನಾದ್ರೂ ಅನ್ಸಿದ್ರೆ ಹೇಳ್ತೀನಿ" ಎಂದ. ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ. ಅವನು ಮನೆಗೆ ಬರುವುದು ತಡವಾದರೆ ಈಗಲೂ ರಸ್ತೆಗೆ ಬಂದು ನಿಲ್ಲುತ್ತೇನೆ.

ಇವತ್ತಿಗೆ ನನಗಿರುವುದು ಗೋಣಿಕೊಪ್ಪಲು ರಸ್ತೆಯಲ್ಲಿ ಐದು ಸೆಂಟು ಜಾಗ, ಅದರಲ್ಲಿ ಎರಡು ಕೋಣೆಯ ಒಂದು ಮನೆ, ಒಂದು ಹಳೇ ಜೀಪು, ಒಂಬತ್ತು ಬಿದಿರೇಣಿ, ಹೆಂಡತಿ, ಒಬ್ಬಳು ಮಗಳು, ಒಬ್ಬ ತಮ್ಮ.