ಬಂದವರ ಎದುರು ಟಿವಿ

ನಮ್ಮ ಟಿವಿಗೆ ಹೊದಿಸುತ್ತಿದ್ದ ಬಟ್ಟೆಯಲ್ಲಿ ಎರಡು ಗಿಳಿಗಳಿದ್ದವು. ಅಮ್ಮ ಕಸೂತಿ ಹಾಕುವಾಗ ಹಸಿರು ದಾರ ಮುಗಿದು, ಎರಡನೆಯದರ ಬಾಲ ನೀಲಿಯಾಗಿತ್ತು. ಮನೆಗೆ ಯಾರಾದರೂ ಬಂದರೆ ಅಪ್ಪ ಮೊದಲು ಟಿವಿ ಆರಿಸುತ್ತಿದ್ದರು, ಆಮೇಲೆ ಗಿಳಿಗಳನ್ನು ಇಳಿಬಿಡುತ್ತಿದ್ದರು. "ಬಂದ್ರಾ, ಬನ್ನಿ ಬನ್ನಿ" ಎನ್ನುವುದು ಅದಾದ ಮೇಲೆ.

ಆಗೆಲ್ಲ ಟಿವಿ ಎಂದರೆ ಮನೆಮಂದಿಯೆಲ್ಲ ಒಂದೇ ಕಡೆ ಮುಖ ಮಾಡಿ ಕೂರುವುದಾಗಿತ್ತು. ಅದಕ್ಕೇ ಇರಬೇಕು, ಬಂದವರ ಎದುರು ಅದನ್ನು ಹಾಕಿಡುವುದು ಅವರಿಗೆ ಬೆನ್ನು ತಿರುಗಿಸಿ ಕೂತಂತೆ ಎಂದು ಅಪ್ಪನ ಲೆಕ್ಕ. ರಿಪ್ಪನ್‌ಪೇಟೆಯ ನಮ್ಮ ಸಾಲುಮನೆಗಳಲ್ಲಿ ಬಹಳ ಜನ ಹಾಗೇ ಮಾಡುತ್ತಿದ್ದರು. ಎಷ್ಟು ಸಿನಿಮಾಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಖಳನಾಯಕ ಬಂದೂಕು ಎತ್ತಿದ ಹೊತ್ತಿಗೆ ಯಾರೋ ಗೇಟು ತೆಗೆಯುತ್ತಿದ್ದರು.

ಆರನೇ ಕ್ಲಾಸಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಏಕಪಾತ್ರಾಭಿನಯ ಮಾಡಿದೆ. ಬಸ್ಸಿನ ಒಂದು ಸೀಟಿಗಾಗಿ ಜಗಳವಾಡುವ ಮೂರು ಹೆಂಗಸರು, ಮೂವರೂ ನಾನೇ. ಮನೆಯಲ್ಲಿ ನಾನು, ಯಾರಾದರೂ ಕರೆದರೆ ಮಾತ್ರ ಓಗೊಡುವ ಹುಡುಗಿ. "ನಮ್ಮ ಕೂಸಿಗೆ ದೇವರು ಬಾಯಿ ಇಡದು ಮರ್ತಿದಾನೆ" ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅವತ್ತು ಸಭೆಯೆಲ್ಲ ನಕ್ಕಿತು, ಹಿಂದಿನ ಸಾಲಿನವರು ಎದ್ದು ನಿಂತರು. ಆದರೆ ಅಪ್ಪ ಅಲ್ಲಿರಲಿಲ್ಲ, ಅವರು ಕೆಲಸ ಮಾಡುತ್ತಿದ್ದ ಸೊಸೈಟಿಯಲ್ಲಿ ಆಡಿಟ್ ಇತ್ತು. ಅಮ್ಮ ಅಜ್ಜಿಯ ಕಣ್ಣಿನ ಆಪರೇಷನ್ನಿಗೆಂದು ತೀರ್ಥಹಳ್ಳಿಗೆ ಹೋಗಿದ್ದಳು.

ಕೇಬಲ್‌ನವರದೇ ಒಂದು ಲೋಕಲ್ ಚಾನೆಲ್ ಇತ್ತು. ಯಾರದೋ ಮದುವೆ, ಯಾವುದೋ ಊರಿನ ಕ್ರಿಕೆಟ್ಟು, ನಡುವೆ ಹಳೆಯ ಸಿನಿಮಾ, ಕೆಳಗೆ ಬಟ್ಟೆಯಂಗಡಿಯ ಜಾಹೀರಾತು ಓಡುತ್ತಲೇ ಇರುತ್ತಿತ್ತು. ನಮ್ಮ ಕಾರ್ಯಕ್ರಮವನ್ನೂ ಚಿತ್ರೀಕರಿಸಿದ್ದರು. ಭಾನುವಾರ ಮಧ್ಯಾಹ್ನ ಒಂದೇ ಒಂದು ಸಲ ಹಾಕುತ್ತೇವೆ ಎಂದಿದ್ದರು. ಅಪ್ಪ ಅದನ್ನು ನೋಡಬೇಕು. ಆ ವಾರವಿಡೀ ನನಗೆ ಬೇರೆ ಆಸೆಯಿರಲಿಲ್ಲ.

ಭಾನುವಾರ ಅಪ್ಪ ಊಟ ಮುಗಿಸಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಟಿವಿ ನೋಡಲು ಅಂಗಿ ಬದಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಹಪ್ಪಳ ಕರಿದಳು. ಸ್ವಾಗತ ನೃತ್ಯವಾಯಿತು, ಚಿಕ್ಕ ಮಕ್ಕಳ ಕೋಲಾಟವಾಯಿತು. ನಿರೂಪಣೆಯ ಹುಡುಗಿ ಮೈಕಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡಳು. ಇನ್ನು ನನ್ನ ಹೆಸರು.

ಗೇಟು ಕಿರ್ ಎಂದಿತು.

"ಶ್ರೀಧರಾ, ಇದ್ಯನಾ?"

ಸೀತತ್ತೆ. ಅಪ್ಪನ ದೊಡ್ಡಪ್ಪನ ಮಗಳು, ಹೊಸನಗರ ರಸ್ತೆಯ ಆಚೆಗೆ ಅವರ ಮನೆ. ಅಪ್ಪ ಒಂದು ಕ್ಷಣ ಟಿವಿ ನೋಡಿದರು, ಒಂದು ಕ್ಷಣ ನನ್ನನ್ನು. ಅಷ್ಟರಲ್ಲಿ ಅವರ ಕೈ ಸ್ವಿಚ್ಚಿನ ಮೇಲಿತ್ತು. ಗಿಳಿಗಳು ಇಳಿದವು.

"ಬಾರೆ ಅಕ್ಕ, ಕೂತ್ಕ."

ಸೀತತ್ತೆ ಒಳ್ಳೆಯ ಸೀರೆ ಉಟ್ಟಿದ್ದರು, ಕೈಯಲ್ಲಿ ಕೋಡುಬಳೆಯ ಡಬ್ಬಿ. ಗಿಳಿಗಳತ್ತ ನೋಡಿದರು. "ಎಂತ ಮಾಡ್ತಿದ್ರಿ?"

"ಎಂತದೂ ಇಲ್ಲ, ಸುಮ್ನೆ ಕೂತಿದ್ವಿ" ಎಂದರು ಅಪ್ಪ.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. "ಅತ್ತಿಗೆ, ಟಿವಿಲಿ ಎಂತದೋ ಬರ್ತಿತ್ತು..."

"ಟಿವಿಲಿ ದಿನಾ ಎಂತದೋ ಬರ್ತದೆ. ಕಾಫಿ ತಾ ಮಾರಾಯ್ತಿ" ಎಂದರು ಅಪ್ಪ. ದನಿ ಮಾತ್ರ ಅವರದಲ್ಲ ಎನಿಸುವಷ್ಟು ಗಟ್ಟಿಯಾಗಿತ್ತು.

ನಾನು ಹೇಳಬಹುದಿತ್ತು. ಆದರೆ ಹೇಗೆ? 'ಅತ್ತೆ, ನಾನು ಟಿವಿಯಲ್ಲಿ ಬರುತ್ತೇನೆ, ಅಪ್ಪ ಹಾಕಲಿ' ಎನ್ನುವುದು ನಮ್ಮ ಮನೆಯ ಯಾವ ಮಗುವಿನ ಬಾಯಿಂದಲೂ ಬರುವ ಮಾತಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಗೋಡೆಯಾಚೆಯಿಂದ ಒಂದು ಕೀರಲು ದನಿ ಕೇಳಿಸಿತು. ಅದು ನನ್ನದೇ. ಮಾತು ತಿಳಿಯುತ್ತಿರಲಿಲ್ಲ, ಏರಿಳಿತದಲ್ಲಿ ಗೊತ್ತಾಗುತ್ತಿತ್ತು. ಇದು ಮೊದಲನೆಯ ಹೆಂಗಸು, ಈಗ ಎರಡನೆಯವಳು ಸೀಟಿನ ಮೇಲೆ ಚೀಲ ಇಟ್ಟಳು.

"ಮನೆ ಕಡೆ ಎಂತ ಸಮಾಚಾರ ಅಕ್ಕ?" ಅಪ್ಪ ಇನ್ನೂ ಜೋರಾಗಿ ಕೇಳಿದರು.

"ಎಂತ ಹೇಳದು, ಮಂಗನ ಕಾಟ. ನಿನ್ನೆ ಕೇಬಲ್ ವೈರಿಗೆ ಜೋತಾಡಿ ಹರಿದು ಹಾಕಿದಾವೆ. ನಿಮ್ಮ ಭಾವಂಗೆ ಸಿಟ್ಟು ಬಂದು ಕಲ್ಲು ಎಸೆದ್ರು, ಅದು ಹೋಗಿ ನಮ್ಮನೆ ಹೆಂಚಿಗೇ ಬಿತ್ತು."

ಅಪ್ಪ ನಕ್ಕರು. ಗೋಡೆಯಾಚೆ ಚಪ್ಪಾಳೆ ಬಿತ್ತು. ನಾನು ಹಪ್ಪಳದ ತಟ್ಟೆ ಹಿಡಿದು ನಿಂತೇ ಇದ್ದೆ.

ಸೀತತ್ತೆ ನಿಧಾನವಾಗಿ ಕಾಫಿ ಕುಡಿದರು. ಮಾತು ನಿಂತಾಗಲೆಲ್ಲ ಅವರ ಕಣ್ಣು ಗಿಳಿಗಳ ಕಡೆ ಹೋಗುತ್ತಿತ್ತು. ಅಮ್ಮನ ಕಸೂತಿಯನ್ನು ಮೆಚ್ಚುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ಎದ್ದು, ಚಪ್ಪಲಿ ಮೆಟ್ಟಿ, ಗೇಟಿನವರೆಗೆ ಹೋಗಿ ತಿರುಗಿದರು.

"ಅಲ್ಲಾ ಪುಟ್ಟಿ, ನಿಂದು ಎಂತದೋ ನಾಟ್ಕ ಟಿವಿಲಿ ಬರ್ತದೆ ಅಂತ ನಿನ್ನಮ್ಮ ಹೇಳಿದ್ಲಲ್ಲ. ನಮ್ಮನೇಲಿ ಬರದಿಲ್ಲ, ಇಲ್ಲೇ ನೋಡನ ಅಂತ ಬಂದಿದ್ದು. ಮುಗ್ದೇ ಹೋಯ್ತಾ?"

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಮುಂಚೆನೇ ಹೇಳದಲ್ವನೆ ಅಕ್ಕ!"

"ನೀನೇ ಆರ್ಸಿ ಬಟ್ಟೆ ಹೊದ್ಸಿ ಕೂತಿದೀಯಲ್ಲಾ. ಹಾಕು ಅಂತ ಹೇಳದು ಹೆಂಗೆ, ಬಂದವ್ರು?"

ಆಮೇಲೆ ಟಿವಿ ಹಾಕಿದಾಗ ವಂದನಾರ್ಪಣೆ ನಡೆಯುತ್ತಿತ್ತು.

ನನಗೆ ಇವತ್ತಿಗೂ ತಡೆಯಲಾಗದ್ದು ಇದೇ: ಆ ಕೋಣೆಯಲ್ಲಿದ್ದ ನಾಲ್ಕು ಜನಕ್ಕೂ ಬೇಕಾಗಿದ್ದದ್ದು ಒಂದೇ, ನಾಲ್ವರೂ ಮರ್ಯಾದೆಯಿಂದ ಸುಮ್ಮನಿದ್ದೆವು. ಈಗ ನಮ್ಮ ಮನೆಯಲ್ಲಿ ಯಾರು ಬಂದರೂ ಏನೂ ಆರುವುದಿಲ್ಲ. ಟಿವಿ ತನ್ನ ಪಾಡಿಗೆ ಓಡುತ್ತಿರುತ್ತದೆ, ಬಂದವರು ಅವರ ಮೊಬೈಲ್ ನೋಡುತ್ತಾರೆ, ಅಪ್ಪ ತಮ್ಮದನ್ನು. ಕಳೆದ ಸಲ ಊರಿಗೆ ಹೋದಾಗ ನಾನು ಕೆಲಸದ ವಿಷಯ ಹೇಳುತ್ತಿದ್ದೆ. ಅಪ್ಪ ತಲೆಯೆತ್ತದೆ "ಹ್ಞೂಂ ಹೇಳು, ಕೇಳ್ತಿದೀನಿ" ಎಂದರು. ಅವರ ಕೈಯ ಮೊಬೈಲಿನಲ್ಲಿ ಯಾರದೋ ಮಗು ಕುಣಿಯುತ್ತಿತ್ತು. ನನಗೆ ಹಳೆಯ ಸಿಟ್ಟೇ ಮತ್ತೆ ಬಂತು. ಅಂದು ನನ್ನನ್ನು ಬದಿಗಿಟ್ಟದ್ದು ಎದುರಿಗಿದ್ದ ಮನುಷ್ಯರಿಗಾಗಿ. ಆ ಮರ್ಯಾದೆಗೆ ನಾನು ಅಷ್ಟು ತೆತ್ತಿದ್ದೆ, ಅದೂ ಉಳಿಯಲಿಲ್ಲ.

ಆ ಭಾನುವಾರದ ಮರುದಿನ ಬೆಳಿಗ್ಗೆ ಅಪ್ಪ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಜಗಲಿಗೆ ಬಂದರು. "ಕೂಸೇ, ಅದನ್ನ ಒಂಚೂರು ಮಾಡಿ ತೋರ್ಸೇ, ನೋಡನ" ಎಂದರು. ಅಮ್ಮನೂ ಕೈ ಒರೆಸಿಕೊಂಡು ಬಂದು ನಿಂತಳು. ಮೊದಲನೆಯ ಹೆಂಗಸಿನ ಮೊದಲ ಮಾತು ನನ್ನ ಗಂಟಲಿನವರೆಗೂ ಬಂದಿತ್ತು.

"ಹೊತ್ತಾಯ್ತು" ಎಂದೆ. ಚೀಲ ಹೆಗಲಿಗೇರಿಸಿ ಹೊರಟೆ. ಶಾಲೆಯ ಗೇಟಿಗೆ ಇನ್ನೂ ಬೀಗವಿತ್ತು. ತೆಗೆಯುವವರು ಬರುವ ತನಕ ರಸ್ತೆಯಲ್ಲೇ ನಿಂತಿದ್ದೆ.